ಗುಂಡು ಎತ್ತಿದ್ರ ಜೀನ್ ಬದಲಾಗ್ತಾವೇನ್ರಿ?

ಕೃಷ್ಣಾತೀರ_ಪೈಲ್ವಾನ (ಜಮಖಂಡಿ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ತಾಲೀಮಿನ ವಾಟ್ಸಾಪ್ ಗುಂಪಿನ್ಯಾಗ ಒಂದು ಫಾರ್ವರ್ಡ್ ತಿರಗಾಡಾಕತ್ತೈತಿ. "ದಿನಾ ಭಾರ ಎತ್ತಿದ್ರ ನಿಮ್ಮ ಜೀನ್ ಬದಲಾಗತಾವ, ಮುಂದ ಹುಟ್ಟೋ ಮಕ್ಕಳು ಹುಟ್ಟತ್ಲೇ ಪೈಲ್ವಾನ್ರು" ಅಂತ. ಹುಡುಗ್ರು ನಂಬಿ ಕುಂತಾರ. ನನಗ ನಂಬಿಕಿ ಬರವಲ್ದು, ಹಂಗಂತ ಪೂರಾ ಸುಳ್ಳು ಅನ್ನಾಕೂ ಆಗವಲ್ದು.

ಇನ್ನೊಂದು ಮಾತು. ಕುಸ್ತಿಯಾಗ ಮೊಣಕಾಲು ತಿರುವಿ ಪ್ಲಾಸ್ಟರ್ ಹಾಕ್ಸಿಕೊಂಡಿದ್ದೆ. ಬಿಚ್ಚಿದ ದಿನ ಬಲಗಾಲು ನೋಡಿ ಅವ್ವ ಅತ್ತಬಿಟ್ಲು. ಚಡ್ಡಿ ಆ ಕಡೆ ಜೋತಾಡತಿತ್ತು, ತೊಡಿ ಒತ್ತಿದ್ರ ಬೆರಳು ಎಲುಬಿಗೇ ಹತ್ತತಿತ್ತು. ಆದ್ರ ಮತ್ತ ಬೈಠಕ್ ಚಾಲೂ ಮಾಡಿದ ಮ್ಯಾಲ, ಹುಡುಗ ಇದ್ದಾಗ ಕಟ್ಟಾಕ ವರ್ಷಗಟ್ಟಲೆ ಹಿಡಿದಿದ್ದ ತೊಡಿ ಲಗೂನ ತುಂಬಿ ಬಂತು. ವಸ್ತಾದ್ರು "ಒಮ್ಮೆ ಕಟ್ಟಿದ ಮೈ ಮರೆಯಂಗಿಲ್ಲ" ಅಂತಾರ. ಭಾರ ಬಿದ್ದಾಗ ಖಂಡದ ಒಳಗ ಖರೇನ ಏನಾಗತೈತಿ? ಓದಿದೋರು ಬಿಡಿಸಿ ಹೇಳ್ರಿ, ಗುಂಪಿನ್ಯಾಗ ಹಾಕತೀನಿ.

ಸಂಶಯಾತ್ಮ

ಫಾರ್ವರ್ಡ್ ಸುಳ್ಳು. ಜೀನ್ ಹುಟ್ಟಿನಿಂದ ಬಂದದ್ದು. ಗುಂಡು ಎತ್ತಿದ್ರ, ಚೀಲ ಹೊತ್ತರ ಬದಲಾಗಂಗಿಲ್ಲ.

ಎಪಿಎಂಸಿ_ಹುಡುಗ (ಬಾಗಲಕೋಟೆ)

ಹಂಗಾದ್ರ ನಮ್ಮಪ್ಪನ ಮೈಯಾಗ ಏನೂ ಬದಲಾಗಿಲ್ಲ ಅಂತೀರೇನ್ರಿ? ಹಮಾಲಿ ಮಾಡಿ ಮಾಡಿ ಕುತಗಿ ಹಿಂದಿನ ಖಂಡ ಕೈಯಿಟ್ರ ಗಟ್ಟಿ ಹತ್ತತೈತಿ. ಏನಾರ ಬದಲಾಗದ ಅದು ಹ್ಯಾಂಗ ಬಂತು?

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಇಬ್ಬರೂ ಅರ್ಧರ್ಧ ಸರಿ ಹೇಳಿದ್ದೀರಿ. ಜೀನ್ ಬದಲಾಗುವುದಿಲ್ಲ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಅನ್ನುವುದು ಬದಲಾಗುತ್ತದೆ. ಅದಕ್ಕೆ ಜೀನ್ ಅಭಿವ್ಯಕ್ತಿ ಅಂತಾರೆ.

ನಮ್ಮ ವಿದ್ಯಾರ್ಥಿಗಳಿಗೆ ಹೇಳುವ ಹಾಗೇ ಹೇಳುತ್ತೇನೆ. ಹೊಲದ ಮೂಲ ದಾಖಲೆ ತಹಶೀಲ್ದಾರ ಕಚೇರಿಯಲ್ಲೇ ಇರುತ್ತೆ, ಯಾರೂ ಮನೆಗೆ ಒಯ್ಯಲ್ಲ. ಬೆಳೆಸಾಲದ ಹಂಗಾಮು ಬಂತೆಂದರೆ ಊರಿಗೆ ಊರೇ ಹೋಗಿ ಉತಾರ ತೆಗೆಸುತ್ತದೆ. ದಾಖಲೆ ಇದ್ದದ್ದು ಇದ್ದ ಹಾಗೇ. ಹೊರಬೀಳುವ ಉತಾರಗಳು ಮಾತ್ರ ಹೆಚ್ಚುತ್ತವೆ, ಹಂಗಾಮು ಮುಗಿದ ಮೇಲೆ ಇಳಿಯುತ್ತವೆ. ಜೀನ್ ಆ ದಾಖಲೆ, ಸಂದೇಶವಾಹಕ ಆರ್‌ಎನ್‌ಎ ಆ ಉತಾರ. ಉತಾರ ಓದಿ ಪ್ರೋಟೀನ್ ಕಟ್ಟುವವು ರೈಬೋಸೋಮ್‌ಗಳು.

ಈಗ ಭಾರದ ಮಾತು. ಸ್ನಾಯುವಿನ ಒಂದೊಂದು ಎಳೆಯೂ ಒಂದೊಂದು ಕೋಶ, ಅದರೊಳಗೆ ನೂರಾರು ಕೋಶಕೇಂದ್ರಗಳು. ಗುಂಡು ಎತ್ತಿದಾಗ ಆ ಎಳೆ ಬಿಗಿಯುತ್ತದೆ. ಎಳೆಯ ಹೊರಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನುಗಳು, ಒಳಗಿನ ಟೈಟಿನ್ ಎಂಬ ಬಹಳ ಉದ್ದದ ಪ್ರೋಟೀನು ಆ ಜಗ್ಗಾಟವನ್ನು ಗ್ರಹಿಸುತ್ತವೆ ಅಂತ ತಿಳಿದಿದೆ. ಅಲ್ಲಿಂದ ಸಂಕೇತ ಕೋಶಕೇಂದ್ರಕ್ಕೆ ಮುಟ್ಟುತ್ತದೆ. ಗಂಟೆ ತುಂಬುವುದರೊಳಗೆ ಸಿ-ಫಾಸ್, ಸಿ-ಜೂನ್, ಇಜಿಆರ್-1 ಎಂಬ ಜೀನ್‌ಗಳು ಏಳುತ್ತವೆ. ಇವು ಕಟ್ಟಿಸುವ ಪ್ರೋಟೀನುಗಳ ಕೆಲಸವೇ ಬೇರೆ ಜೀನ್‌ಗಳನ್ನು ಎಬ್ಬಿಸುವುದು. ಹಿಂದೆಯೇ ಮಯೋಡಿ, ಮಯೋಜೆನಿನ್ ಮೊದಲಾದ ಸ್ನಾಯುವಿನದೇ ಜೀನ್‌ಗಳು.

ಮಕ್ಕಳ ಮಾತು ಬಿಟ್ಟುಬಿಡಿ. ತೊಡೆಯ ಸ್ನಾಯುವಿನಲ್ಲಿ ಎದ್ದ ಜೀನ್ ತೊಡೆಯಲ್ಲೇ ಎದ್ದು ಅಲ್ಲೇ ಮಲಗುತ್ತೆ. ಅದು ಬೀಜಕ್ಕೆ ದಾಟಿ ಮಗುವಿಗೆ ಹೋಗುವುದಿಲ್ಲ.

ಕೃಷ್ಣಾತೀರ_ಪೈಲ್ವಾನ (ಜಮಖಂಡಿ)

ಉತಾರದ ಮಾತು ಅಗದಿ ಬರೊಬ್ಬರಿ ತಿಳೀತ್ರಿ ಅಕ್ಕಾರ. ಇದು ಎಷ್ಟೊತ್ತು ಇರತೈತ್ರಿ? ಮುಂಜಾನೆ ತಾಲೀಮು ಮಾಡಿದ್ರ ಸಂಜಿಗೆ ಮುಗದ್ಹೋಗತೈತೋ ಹ್ಯಾಂಗ?

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಇದನ್ನು ಮನುಷ್ಯರ ತೊಡೆಯಲ್ಲೇ ನೋಡಿದ್ದಾರೆ. ಸೂಜಿ ಹಾಕಿ ಚೂರು ಸ್ನಾಯು ತೆಗೆಯುತ್ತಾರೆ. ಆ ಸೂಜಿಯನ್ನು ಮತ್ತೆ ರೂಢಿಗೆ ತಂದವರು ಸ್ವೀಡನ್ನಿನ ಬರ್ಗ್‌ಸ್ಟ್ರಾಮ್, 1962ರಲ್ಲಿ. ವ್ಯಾಯಾಮ ಮುಗಿದ ಮೇಲೆ ಗಂಟೆ ಗಂಟೆಗೆ ತೆಗೆದು ನೋಡಿದರೆ, ಬಹಳಷ್ಟು ಜೀನ್‌ಗಳ ಆರ್‌ಎನ್‌ಎ 4ರಿಂದ 8 ಗಂಟೆಯೊಳಗೆ ತುದಿ ಮುಟ್ಟಿ, 24 ಗಂಟೆಗೆಲ್ಲ ಮೊದಲಿನ ಮಟ್ಟಕ್ಕೆ ಇಳಿದಿರುತ್ತೆ.

ಆದರೆ ಪ್ರೋಟೀನ್ ಕಟ್ಟುವ ಕೆಲಸ ಅಷ್ಟಕ್ಕೇ ನಿಲ್ಲುವುದಿಲ್ಲ. 1997ರಲ್ಲಿ ಫಿಲಿಪ್ಸ್ ಮತ್ತು ಸಂಗಡಿಗರು ಅಳೆದಾಗ ಅದು ವಿಶ್ರಾಂತಿಯ ಮಟ್ಟಕ್ಕಿಂತ 3 ಗಂಟೆಗೆ ಶೇ 112, 24 ಗಂಟೆಗೆ ಶೇ 65, 48 ಗಂಟೆಗೂ ಶೇ 34ರಷ್ಟು ಮೇಲೇ ಇತ್ತು. ಇನ್ನೊಂದು ಮಾತು ಎಲ್ಲರೂ ಮರೆಯುತ್ತಾರೆ: ಅದೇ ಹೊತ್ತಿನಲ್ಲಿ ಹಳೆ ಪ್ರೋಟೀನ್ ಒಡೆಯುವ ಕೆಲಸವೂ ಏರಿತ್ತು. ಅಳತೆ ನಡೆದದ್ದು ಉಪವಾಸವಿದ್ದವರ ಮೇಲೆ. ಹಾಗಾಗಿ ಕಟ್ಟಿದ್ದು ಕಳೆದು ನೋಡಿದರೆ ಲೆಕ್ಕ ಇನ್ನೂ ನಷ್ಟದಲ್ಲೇ ಇತ್ತು, ನಷ್ಟ ಕಮ್ಮಿಯಾಗಿತ್ತು ಅಷ್ಟೆ. ಊಟ ಬಿದ್ದಾಗ ಮಾತ್ರ ಲಾಭ.

ಶೇಂಗಾಹಿಂಡಿ

ಇದನ್ನ ದೊಡ್ಡ ಅಕ್ಷರದಾಗ ಬರದು ಜಿಮ್ ಬಾಗಲಿಗೆ ಅಂಟಸ್ರಿ. ಖಾಲಿ ಹೊಟ್ಟಿಲೆ ಒಂದೇ ಸವನ ಭಾರ ಎತ್ತೋ ಹುಡುಗ್ರು ನಮ್ಮೂರಾಗ ಭಾಳ ಅದಾರ.

ಎಪಿಎಂಸಿ_ಹುಡುಗ (ಬಾಗಲಕೋಟೆ)

ಈಗ ನನ್ನ ಮೂಲ ಪ್ರಶ್ನೆಗೆ ಬರ್ರಿ. ಭಾರದಿಂದ ಜೀನ್ ಏಳತಾವ ಅಂದ್ರ ಹಮಾಲರಷ್ಟು ಭಾರ ಹೊರೋರು ಯಾರದಾರ? ಸುಗ್ಗಿ ದಿನದಾಗ ಲಾರಿ ಮ್ಯಾಲ ಲಾರಿ ಬರತಾವ. ನಮ್ಮಪ್ಪ ಎಡಗೈಯಾಗ ಕೊಕ್ಕಿ ಚುಚ್ಚಿ, ಮೊಣಕಾಲು ಮಡಚಿ, ಹೆಗಲು ಕೊಟ್ಟು ಎದ್ದ ಅಂದ್ರ ಹಲಿಗಿ ಮ್ಯಾಲ ಹತ್ತೋತನಕ ಉಸಿರು ಬಿಡಂಗಿಲ್ಲ. ಸಂಜಿಗೆ ಮನಿಗೆ ಬಂದ್ರ ಟಾವೆಲ್ ಹಿಂಡಿದ್ರ ನೀರ ಸುರೀತೈತಿ. ಆದ್ರ ಮೈ ನೋಡಿದ್ರ ಸಣಕಲು. ಕುತಗಿ, ಕಾಲು ಬಿಟ್ರ ಎಲ್ಲಾ ಎಲುಬು. ಹಂಗಾರ ಪೈಲ್ವಾನ್ರ ಮೈ ಯಾಕ ತುಂಬತೈತಿ, ಅಪ್ಪಂದು ಯಾಕ ತುಂಬಂಗಿಲ್ಲ?

ಗೋಳಗುಮ್ಮಟ_ಸೈಕಲ್ (ವಿಜಯಪುರ)

ಇದು ಛಲೋ ಪ್ರಶ್ನೆ. ನಾವು ಸೈಕ್ಲಿಂಗ್ ಹುಡುಗ್ರಿಗೂ ಇದೇ ಗೊಂದಲ ಇತ್ತು. ನಮ್ಮ ಕೋಚ್ ಹೇಳಿದ್ದು ಏನಂದ್ರ, ದಿನವಿಡೀ ದುಡಿಯೋ ಕೆಲಸ ಬೇರೆ, ನಾಕು ಸಲ ಎತ್ತಿ ಇಳಿಸೋ ಕೆಲಸ ಬೇರೆ. ತಾಸುಗಟ್ಟಲೆ ಕೆಲಸ ಮಾಡಿದ್ರ ಪಿಜಿಸಿ-1 ಆಲ್ಫಾ ಅನ್ನೋ ಜೀನ್ ಏಳತೈತಿ, ಅದು ಕೋಶಕ್ಕ ಶಕ್ತಿ ಮಾಡಿಕೊಡೋ ಮೈಟೋಕಾಂಡ್ರಿಯ ಹೆಚ್ಚು ಮಾಡತೈತಿ, ದಮ್ ಬರತೈತಿ. ಗಾತ್ರ ಬರಂಗಿಲ್ಲ. 1980ರಾಗ ಹಿಕ್ಸನ್ ಅಂತ ಒಬ್ಬಾವ ಮೂರು ಗುಂಪು ಮಾಡಿ 10 ವಾರ ನೋಡಿದ. ಬರೇ ಭಾರ ಎತ್ತೋರು ಕಡೀತನಕ ಶಕ್ತಿ ಗಳಿಸಿದ್ರು. ಭಾರದ ಜತಿಗೆ ದಮ್ಮಿನ ಕಸರತ್ತೂ ಮಾಡಿದೋರು ಏಳೆಂಟು ವಾರ ಆದ ಮ್ಯಾಲ ನಿಂತ್ಬಿಟ್ರು, ಕಡೀಕ ಇಳದ್ರು ಕೂಡ.

ಫಿಸಿಯೋ_ಶಹಾಪುರ (ಬೆಳಗಾವಿ)

ಸೈಕಲ್ ಅವರ ಮಾತು ಒಂದು ಕಡೆ ಹೌದು. ಆದರೆ ಹಿಕ್ಸನ್ ಹಾಕಿಸಿದ ಕಸರತ್ತು ವಿಪರೀತ ಇತ್ತು, ವಾರಕ್ಕೆ ಹತ್ತಿರ ಹತ್ತಿರ ದಿನಾ ಭಾರ, ದಿನಾ ಓಟ. ಸಾಧಾರಣ ಪ್ರಮಾಣದಲ್ಲಿ ಎರಡೂ ಮಾಡಿದರೆ ಅಷ್ಟು ಅಡ್ಡಿ ಇಲ್ಲ. ಇದನ್ನು ಓದಿ ಕುಸ್ತಿ ಹುಡುಗರು ಓಡುವುದು ಬಿಡಬಾರದು.

ಹಮಾಲಿ ವಿಷಯದಲ್ಲಿ ನನಗೆ ಕಾಣುವ ಕಾರಣ ಬೇರೆ. ಅದೇ ಚೀಲ, ಅದೇ ತೂಕ, ವರ್ಷ ವರ್ಷ. ಮೈ ಅದಕ್ಕೆ ಎಷ್ಟು ಬೇಕೋ ಅಷ್ಟು ಕಟ್ಟಿಕೊಂಡು ನಿಂತುಬಿಟ್ಟಿದೆ. ಅಭ್ಯಾಸವಾದ ಭಾರಕ್ಕೆ ಸ್ನಾಯುವಿನ ಜೀನ್‌ಗಳು ಹೊಸಬನಲ್ಲಿ ಎದ್ದಷ್ಟು ಏಳುವುದಿಲ್ಲ. ಪೈಲ್ವಾನ ಗುಂಡು ಬದಲಿಸುತ್ತಾನೆ, ತೂಕ ಏರಿಸುತ್ತಾನೆ, ಮಲಗುತ್ತಾನೆ.

ಶೇಂಗಾಹಿಂಡಿ

ಮಲಗತಾನ ಅನ್ನೋದು ಸಣ್ಣ ಮಾತಲ್ಲ. ಪೈಲ್ವಾನ್ಗ ಖುರಾಕ ಐತಿ. ಹಾಲು, ತುಪ್ಪ, ಬದಾಮಿ, ತತ್ತಿ, ಮಧ್ಯಾಹ್ನ ನಿದ್ದಿ. ಹಮಾಲಗ ಏನೈತಿ? ಮುಂಜಾನೆ ಚಹಾ-ಚುರಮರಿ, ಮಧ್ಯಾಹ್ನ ಎರಡು ರೊಟ್ಟಿ ಖಾರಬ್ಯಾಳಿ.

ಎಪಿಎಂಸಿ_ಹುಡುಗ (ಬಾಗಲಕೋಟೆ)

ಅದ ಖರೇ ಮಾತು. ಬಡತನದ ಲೆಕ್ಕ ಬಿಟ್ಟು ಬರೇ ಜೀನ್ ಲೆಕ್ಕ ಹಾಕಬ್ಯಾಡ್ರಿ ಯಾರೂ.

ಬೆಂಗಳೂರಾಗಿನ_ವಿಜಾಪುರದಾವ

ಲ್ಯಾಬಿನಲ್ಲಿ ಕೆಲಸ ಮಾಡುವವನಾಗಿ ಒಂದು ಮಾತು ಸೇರಿಸುತ್ತೇನೆ. ಬಡತನದ ಲೆಕ್ಕವನ್ನು ಸ್ನಾಯುವಿನ ಕೋಶವೂ ಹಾಕುತ್ತದೆ. ಒಳಗೆ ಎಮ್‌ಟಾರ್ ಎಂಬ ಪ್ರೋಟೀನು ಇದೆ; ಕಟ್ಟುವ ಕೆಲಸಕ್ಕೆ ಹಸಿರು ನಿಶಾನೆ ತೋರಿಸುವುದು ಅದೇ. ಎಎಂಪಿಕೆ ಎಂಬುದು ಇನ್ನೊಂದು. ಕೋಶದಲ್ಲಿ ಶಕ್ತಿ ಕಮ್ಮಿಯಾದರೆ ಅದು ಎದ್ದು ಎಮ್‌ಟಾರನ್ನು ಅದುಮುತ್ತದೆ. ಭಾರ "ಕಟ್ಟು" ಅನ್ನುತ್ತೆ, ಹಸಿವು "ತಡಿ" ಅನ್ನುತ್ತೆ. ಹೊಟ್ಟೆಗೆ ಸಾಲದ ಊಟದಲ್ಲಿ ದಿನವಿಡೀ ದುಡಿಯುವವರ ಮೈಯಲ್ಲಿ ಎರಡನೆಯದೇ ಗೆಲ್ಲುತ್ತೆ.

ಎಮ್‌ಟಾರ್ ಇಷ್ಟು ಮುಖ್ಯ ಅಂತ ತಿಳಿದದ್ದು ಇಲಿಗಳಿಂದ. ಮೀನಖಂಡದ ದೊಡ್ಡ ಸ್ನಾಯು ತೆಗೆದುಬಿಟ್ಟರೆ ಪಕ್ಕದ ಪ್ಲಾಂಟಾರಿಸ್ ಎಂಬ ಸಣ್ಣ ಸ್ನಾಯುವಿನ ಮೇಲೆ ಇಡೀ ಭಾರ ಬೀಳುತ್ತೆ, ವಾರಗಳಲ್ಲಿ ದಪ್ಪ ಆಗುತ್ತೆ. 2001ರಲ್ಲಿ ಸ್ಯೂ ಬೊಡೀನ್ ಮತ್ತು ಸಂಗಡಿಗರು ಹೀಗೆ ಭಾರ ಹಾಕಿದ ಇಲಿಗಳಿಗೆ ರ‍್ಯಾಪಮೈಸಿನ್ ಔಷಧ ಕೊಟ್ಟರು. ಆ ಔಷಧ ಎಮ್‌ಟಾರನ್ನು ಕಟ್ಟಿಹಾಕುತ್ತದೆ. ಬೆಳವಣಿಗೆ ಬಹುತೇಕ ನಿಂತೇಹೋಯಿತು. ರ‍್ಯಾಪಮೈಸಿನ್ ಸಿಕ್ಕಿದ್ದು ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯದಲ್ಲಿ. ಅದನ್ನು ಬೇರ್ಪಡಿಸಿದ ತಂಡದ ಮುಂದಾಳು ನಮ್ಮ ದೇಶದ ಮೂಲದ ಸುರೇಂದ್ರನಾಥ ಸೆಹಗಲ್. ನನಗೆ ಬಹಳ ಅಭಿಮಾನದ ಹೆಸರು, ಅದಕ್ಕೇ ಇಲ್ಲಿ ಬರೆದೆ.

ಸಂಶಯಾತ್ಮ

ಇಲ್ಲೇ ನನ್ನ ತಕರಾರು. ಇಲಿ ಕಾಲಿನ ಖಂಡ ಕಿತ್ತಿ, ಉಳಿದ ಖಂಡದ ಮ್ಯಾಲ 24 ತಾಸು ಭಾರ ಹಾಕತೀರಿ. ಅದು ರಾತ್ರಿ ಮಲಗಿ ಎದ್ದರೂ ಭಾರ, ನೀರು ಕುಡ್ಯಾಕ ಹೋದ್ರೂ ಭಾರ. ಮನುಷ್ಯ ಮುಂಜಾನೆ ಅರ್ಧ ತಾಸು ಎತ್ತಿ ಬಿಡತಾನ. ಎರಡನ್ನೂ ಒಂದ ಅಂದ್ರ ಹ್ಯಾಂಗ? ಮ್ಯಾಲ ಕಿತ್ತ ಗಾಯದ ಬಾವು ಬ್ಯಾರೆ ಇರತೈತಿ.

ಬೆಂಗಳೂರಾಗಿನ_ವಿಜಾಪುರದಾವ

ತಕರಾರು ಸರಿಯಾದದ್ದೇ, ಆ ಕ್ಷೇತ್ರದವರೂ ಇದನ್ನೇ ಹೇಳುತ್ತಾರೆ. ಮೊದಲ ಕೆಲವು ದಿನದ ತೂಕ ಹೆಚ್ಚಳದಲ್ಲಿ ಬಾವಿನ ನೀರಿನ ಪಾಲೂ ಇರುತ್ತೆ. ಆದರೆ ಆ ಮಾದರಿ ಇಲ್ಲದಿದ್ದರೆ ಕೆಲವು ಪ್ರಶ್ನೆಗೆ ಉತ್ತರವೇ ಸಿಗುತ್ತಿರಲಿಲ್ಲ. 1967ರಲ್ಲಿ ಆಲ್ಫ್ರೆಡ್ ಗೋಲ್ಡ್‌ಬರ್ಗ್ ಪಿಟ್ಯುಟರಿ ಗ್ರಂಥಿಯನ್ನೇ ತೆಗೆದ ಇಲಿಗಳಿಗೆ ಭಾರ ಹಾಕಿ ನೋಡಿದರು. ಅವುಗಳಲ್ಲಿ ಬೆಳವಣಿಗೆಯ ಹಾರ್ಮೋನೇ ಇಲ್ಲ. ಆದರೂ ಭಾರ ಬಿದ್ದ ಸ್ನಾಯು ಕೆಲವೇ ದಿನದಲ್ಲಿ ಬೆಳೆಯಿತು. ಅಂದರೆ ಭಾರ ಯಾವ ಸ್ನಾಯುವಿನ ಮೇಲೆ ಬಿದ್ದಿದೆಯೋ ಅದೇ ಸ್ನಾಯು ತನ್ನ ಒಳಗೇ ಲೆಕ್ಕ ಹಾಕಿಕೊಳ್ಳುತ್ತದೆ. ಒಂದೇ ರಟ್ಟೆಗೆ ಕಸರತ್ತು ಕೊಟ್ಟರೆ ಆ ರಟ್ಟೆಯೇ ಬೆಳೆಯುವುದು ಇದಕ್ಕೇ. ಎಪಿಎಂಸಿ ಅವರ ಅಪ್ಪನ ಕುತ್ತಿಗೆಯೂ ಇದಕ್ಕೇ ಸಾಕ್ಷಿ.

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಮನುಷ್ಯರ ಮೇಲಿನದೂ ಬೇಕು ಅಂದರೆ 2005ರ ಒಂದು ಅಧ್ಯಯನ ಇದೆ. 585 ಜನ ಗಂಡಸರು ಹೆಂಗಸರು, 12 ವಾರ, ಒಂದೇ ತೋಳಿಗೆ ಒಂದೇ ಬಗೆಯ ಕಸರತ್ತು. ತೋಳಿನ ಸ್ನಾಯುವಿನ ಗಾತ್ರ ಕೆಲವರಲ್ಲಿ ಶೇ 2 ಇಳಿದಿತ್ತು, ಕೆಲವರಲ್ಲಿ ಶೇ 59 ಏರಿತ್ತು! ಇಷ್ಟು ಅಂತರ. ತಾಲೀಮಿಗೆ ಬರುವ ಹುಡುಗರಲ್ಲಿ ಒಬ್ಬ ಬೇಗ ಮೈ ಕಟ್ಟುತ್ತಾನೆ, ಇನ್ನೊಬ್ಬ ಅಷ್ಟೇ ಬೆವರು ಸುರಿಸಿದರೂ ಕಟ್ಟುವುದಿಲ್ಲ. ಅವನನ್ನು ಸೋಮಾರಿ ಅಂತ ಬಯ್ಯುವವರು ಈ ಅಂಕಿ ನೆನಪಿಡಬೇಕು.

ಈ ಅಂತರಕ್ಕೆ ಒಂದು ಕಾರಣ ರೈಬೋಸೋಮ್. ಉತಾರ ಎಷ್ಟು ಬಂದರೇನು, ಓದುವವರು ಕಮ್ಮಿ ಇದ್ದರೆ ಕೆಲಸ ಬಾಕಿ ಬೀಳುತ್ತೆ. ಚೆನ್ನಾಗಿ ಬೆಳೆಯುವವರ ಸ್ನಾಯುವಿನಲ್ಲಿ ಭಾರ ಬಿದ್ದಾಗ ರೈಬೋಸೋಮ್‌ಗಳೇ ಹೆಚ್ಚಾಗುತ್ತವೆ.

ಹಳೇ_ವಸ್ತಾದ

ಅಕ್ಕಾರ ಮಾತು ಕೇಳಿ ಎದಿ ತುಂಬತ್ರಿ. ನಾ ಎಷ್ಟೋ ಹುಡುಗ್ರನ್ನ ಮಟ್ಟಿಗಿ ಇಳಿಸೀನಿ. ಮೈ ತುಂಬದ ಹುಡುಗ ಅಳಕೋತ ಮನಿಗೆ ಹೋದದ್ದೂ ನೋಡೀನಿ. ಅಂಥಾವರೊಳಗ ಡಾವ ಹಾಕೋದ್ರಾಗ ಹುಷಾರ್ ಆದವ್ರು ಭಾಳ ಮಂದಿ. ಗಾತ್ರ ಬ್ಯಾರೆ, ಕುಸ್ತಿ ಬ್ಯಾರೆ.

ಹೊಸ ಹುಡುಗ ಬಂದ್ರ ಮೊದಲು ಮಟ್ಟಿ ಕೆದರಾಕ ಹಚ್ಚತೀವಿ. ಸಲಿಕಿ ಹಿಡಿದು ಕೆಂಪು ಮಣ್ಣು ತಿರುವಿ ಹಾಕೋದು, ಅದರಾಗ ಎಣ್ಣಿ, ಮಜ್ಜಿಗಿ, ಅರಿಷಿಣ ಕಲಸೋದು. ಹಿಂಗ ಹೆಗಲು, ಸೊಂಟ ಹದಕ್ಕ ಬಂದ ಮ್ಯಾಲ ಬೈಠಕ್, ಆಮ್ಯಾಲ ಗುಂಡು. ಒಮ್ಮಿಗಲೇ ಒಜ್ಜೆ ಹಾಕಂಗಿಲ್ಲ. ಇದಕ್ಕೂ ಕಾರಣ ಇರತೈತೇನ್ರಿ?

ಫಿಸಿಯೋ_ಶಹಾಪುರ (ಬೆಳಗಾವಿ)

ಇದೆ ವಸ್ತಾದರೇ. ಹೊಸಬರಿಗೆ ಮೊದಲ ದಿನಗಳಲ್ಲಿ ಸ್ನಾಯುವಿನ ಎಳೆ ಹರಿಯುತ್ತೆ. ಪ್ರೋಟೀನ್ ಕಟ್ಟುವ ಕೆಲಸ ಜೋರಾಗೇ ಇರುತ್ತೆ, ಆದರೆ ಅದೆಲ್ಲ ಹರಿದದ್ದನ್ನು ಹೊಲಿಯುವುದಕ್ಕೇ ಖರ್ಚು. ಬ್ರೆಜಿಲ್‌ನಲ್ಲಿ 2016ರಲ್ಲಿ ಅಳೆದು ನೋಡಿದ್ದಾರೆ: ಮೊದಲ ವಾರದ ಕಟ್ಟುವಿಕೆಗೂ ಕೊನೆಗೆ ಬಂದ ಗಾತ್ರಕ್ಕೂ ತಾಳೆ ಬರಲಿಲ್ಲ; ಮೈ ರೂಢಿಯಾಗಿ ಹಾನಿ ಇಳಿದ ಮೇಲಿನ ಕಟ್ಟುವಿಕೆಗೆ ತಾಳೆ ಬಂತು. ಮೈ ನೋವು ಜಾಸ್ತಿ ಆದಷ್ಟೂ ಜಾಸ್ತಿ ಬೆಳೆಯುತ್ತೆ ಅಂತ ಜಿಮ್‌ಗಳಲ್ಲಿ ಹೇಳುವುದು ತಪ್ಪು. ನೀವು ಮಾಡಿಸುವ ಕ್ರಮವೇ ಸರಿ.

ಮುಧೋಳ_ಬೇಟೆ

ನಡುವ ಬರಾಕತ್ತೀನಿ, ಕ್ಷಮೆ ಇರಲಿ. ನಾಯಿ ಸಾಕೋರ ಗುಂಪಿನ್ಯಾಗ ಒಂದು ಫೋಟೋ ನೋಡಿದ್ದೆ. ವಿಪ್ಪೆಟ್ ಜಾತಿ ನಾಯಿ, ನಮ್ಮ ಮುಧೋಳ ನಾಯಿಗತೆ ತೆಳ್ಳಗ ಇರಬೇಕಾದ್ದು, ಮೈತುಂಬ ಖಂಡ ಉಬ್ಬಿ ಗೂಳಿಯಾಗಿ ನಿಂತಿತ್ತು. ಅದು ಜೀನ್ ಅಂತಲೇ ಹೇಳ್ತಾರಲ್ರಿ?

ಬೆಂಗಳೂರಾಗಿನ_ವಿಜಾಪುರದಾವ

ಹೌದು, ಅದು ಜೀನ್ ನಿಜಕ್ಕೂ ಬದಲಾದ ಉದಾಹರಣೆ. ಮಯೋಸ್ಟ್ಯಾಟಿನ್ ಅಂತ ಒಂದು ಪ್ರೋಟೀನು. ಸ್ನಾಯು ಅಳತೆ ಮೀರಿ ಬೆಳೆಯದ ಹಾಗೆ ತಡೆಯುವುದು ಅದರ ಕೆಲಸ. 1997ರಲ್ಲಿ ಮ್ಯಾಕ್‌ಫೆರಾನ್ ಮತ್ತು ಸೆ-ಜಿನ್ ಲೀ ಆ ಜೀನ್ ಕೆಡಿಸಿದ ಇಲಿಗಳನ್ನು ಮಾಡಿದಾಗ ಅವುಗಳ ಸ್ನಾಯು ಎರಡು ಮೂರು ಪಟ್ಟು ಬೆಳೆಯಿತು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲೂ ಇದೇ ಜೀನ್ ಕೆಟ್ಟಿದೆ ಅಂತ ಅದೇ ವರ್ಷ ತಿಳಿಯಿತು. ವಿಪ್ಪೆಟ್ ವಿಷಯ 2007ರದು. ಕೆಟ್ಟ ಪ್ರತಿ ಎರಡಿದ್ದರೆ ನಾಯಿ ನೀವು ನೋಡಿದ ಹಾಗೆ ಉಬ್ಬುತ್ತೆ, ಒಂದೇ ಇದ್ದರೆ ಓಟದಲ್ಲಿ ಮುಂದೆ. ಇದು ವಿಪ್ಪೆಟ್ ಮಾತು, ಮುಧೋಳದ್ದಲ್ಲ.

ಈಗ ನಮ್ಮ ವಿಷಯಕ್ಕೆ ಇದು ಹೇಗೆ ಬಂತು ಅಂದರೆ, ಭಾರ ಎತ್ತಿದ ಮೇಲೆ ಕೆಲವು ಗಂಟೆ ಮನುಷ್ಯರ ಸ್ನಾಯುವಿನಲ್ಲೂ ಮಯೋಸ್ಟ್ಯಾಟಿನ್ ಆರ್‌ಎನ್‌ಎ ಕೆಳಗಿಳಿಯುತ್ತೆ. ಜೀನ್ ಹಾಗೇ ಇದೆ, ಅದರ ದನಿ ತಗ್ಗುತ್ತೆ. ಭಾರ ಅಂದರೆ ಎಲ್ಲ ಜೀನ್ ಏಳುವುದಲ್ಲ, ಕೆಲವು ಮಲಗುವುದೂ ಇದೆ.

ಮುಧೋಳ_ಬೇಟೆ

ನಮ್ಮ ನಾಯಿ ತೆಳ್ಳಗ ಇರೋದರಾಗೇ ಅದರ ಚಂದ ಐತ್ರಿ. ಉಬ್ಬಿಸೋದು ಬ್ಯಾಡ. ತಿಮ್ಮಾಪುರದ ಕೇಂದ್ರಕ್ಕ ಹೋದ್ರ ಒಳ್ಳೆ ಮರಿ ಗುರುತಿಸೋದು ಹ್ಯಾಂಗ ಅಂತ ಅವರ ತೋರಸ್ತಾರ, ಯಾರಿಗಾರ ಬೇಕಿದ್ರ ಕೇಳ್ರಿ.

ನಿರ್ವಾಹಕ

ನಾಯಿ ಮರಿ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು. ಇಲ್ಲಿ ಸ್ನಾಯು ಮುಂದುವರಿಯಲಿ.

ಕೃಷ್ಣಾತೀರ_ಪೈಲ್ವಾನ (ಜಮಖಂಡಿ)

ನನ್ನ ಕಾಲಿನ ಪ್ರಶ್ನೆ ಉಳೀತ್ರಿ. ಪ್ಲಾಸ್ಟರ್ದಾಗ ಸಣ್ಣಾದದ್ದು ಯಾಕ, ಮತ್ತ ಲಗೂನ ತುಂಬಿದ್ದು ಯಾಕ?

ಫಿಸಿಯೋ_ಶಹಾಪುರ (ಬೆಳಗಾವಿ)

ಸಣ್ಣಾದದ್ದು ಮೊದಲು ಹೇಳುತ್ತೇನೆ. ಭಾರ ಇಲ್ಲದಾಗಲೂ ಜೀನ್‌ಗಳು ಏಳುತ್ತವೆ, ಆದರೆ ಒಡೆಯುವ ಜೀನ್‌ಗಳು. ಮರ್ಫ್-1, ಅಟ್ರೋಜಿನ್-1 ಅಂತ ಎರಡು, 2001ರಲ್ಲಿ ಗೊತ್ತಾದವು. ಕಾಲು ಕಟ್ಟಿಹಾಕಿದ ಇಲಿಗಳಲ್ಲಿ ಇವು ಜೋರಾಗಿ ಎದ್ದಿದ್ದವು. ಇವು ಹಳೆ ಪ್ರೋಟೀನಿಗೆ ಗುರುತು ಹಚ್ಚಿ ಒಡೆಯಲು ಕಳಿಸುತ್ತವೆ. ಆ ಎರಡರಲ್ಲಿ ಯಾವುದಾದರೂ ಒಂದು ಜೀನ್ ಇಲ್ಲದ ಇಲಿಗಳಲ್ಲೂ ಸ್ನಾಯು ಅಷ್ಟು ಕರಗಲಿಲ್ಲ. ಪ್ಲಾಸ್ಟರ್ ಒಳಗೇ ತೊಡೆ ಬಿಗಿ ಮಾಡಿ ಬಿಡುವ ವ್ಯಾಯಾಮ ನಾವು ಹೇಳಿಕೊಡುವುದು ಇದಕ್ಕೇ. ಬಹಳ ರೋಗಿಗಳು "ನೋವಾಗತೈತಿ" ಅಂತ ಮಾಡುವುದಿಲ್ಲ. ದಯವಿಟ್ಟು ಮಾಡಿ.

ಬೆಂಗಳೂರಾಗಿನ_ವಿಜಾಪುರದಾವ

ಲಗೂನ ತುಂಬಿದ್ದರ ಬಗ್ಗೆ. ಸ್ನಾಯುವಿನ ಎಳೆಗೆ ಅಂಟಿಕೊಂಡು ಸ್ಯಾಟಲೈಟ್ ಕೋಶಗಳು ಇರುತ್ತವೆ, 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ ಕಂಡದ್ದು. ಭಾರ ಬಿದ್ದಾಗ ಇವು ಎದ್ದು, ಹೆಚ್ಚಾಗಿ, ಎಳೆಯೊಳಗೆ ಸೇರಿ ಹೊಸ ಕೋಶಕೇಂದ್ರಗಳನ್ನು ಕೊಡುತ್ತವೆ. 2010ರಲ್ಲಿ ನಾರ್ವೆಯ ಗುಂಡರ್ಸನ್ ತಂಡ ಜೀವಂತ ಇಲಿಯ ಸ್ನಾಯುವಿನಲ್ಲೇ ನೋಡಿತು: ಮೊದಲು ಕೋಶಕೇಂದ್ರ ಹೆಚ್ಚಿದವು, ಆಮೇಲೆ ಎಳೆ ದಪ್ಪವಾಯಿತು. ನಂತರ ನರ ಕತ್ತರಿಸಿ ಸ್ನಾಯು ಸೊರಗಿಸಿದರೂ ಆ ಹೊಸ ಕೇಂದ್ರಗಳು ಹೋಗಲಿಲ್ಲ. ಗಾತ್ರ ಹೋಯಿತು, ಕೇಂದ್ರ ಉಳಿಯಿತು. ಮತ್ತೆ ಭಾರ ಬಿದ್ದರೆ ಕೆಲಸಕ್ಕೆ ಜನ ಆಗಲೇ ತಯಾರು. ವಸ್ತಾದರ ಮಾತಿಗೆ ಇದಕ್ಕಿಂತ ಆಧಾರ ಬೇಕೇ?

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಅಷ್ಟು ಬೇಗ ತೀರ್ಪು ಕೊಡಬೇಡಿ. ಮರುವರ್ಷವೇ, 2011ರಲ್ಲಿ, ಅಮೆರಿಕದ ಮೆಕಾರ್ಥಿ ಮತ್ತು ಸಂಗಡಿಗರು ಸ್ಯಾಟಲೈಟ್ ಕೋಶಗಳನ್ನು ಬಹುತೇಕ ಇಲ್ಲವಾಗಿಸಿದ ಇಲಿಗಳಿಗೆ ಎರಡು ವಾರ ಭಾರ ಹಾಕಿದರು. ಸ್ನಾಯು ಆದರೂ ಬೆಳೆಯಿತು! ಹೊಸ ಕೇಂದ್ರ ಇಲ್ಲದೆಯೇ.

ಬೆಂಗಳೂರಾಗಿನ_ವಿಜಾಪುರದಾವ

ಎರಡು ವಾರ ಅಷ್ಟೆ ಮೇಡಂ. ಇಲಿಗಳಲ್ಲಿ ಸ್ಯಾಟಲೈಟ್ ಕೋಶ ಇಲ್ಲದಿದ್ದರೆ ಬೆಳವಣಿಗೆ ಆಗಲೇ ಇಲ್ಲ ಅಂತ 2016ರಲ್ಲಿ ಗುಂಡರ್ಸನ್ ಕಡೆಯವರು ಉತ್ತರ ಕೊಟ್ಟರು.

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಅದಕ್ಕೇ ಹೇಳಿದ್ದು, ವಾದ ಇನ್ನೂ ನಡೆದಿದೆ. ಮನುಷ್ಯರಲ್ಲಿ ನೆನಪಿನ ಗುರುತು ಇನ್ನೊಂದು ಕಡೆ ಸಿಕ್ಕಿದೆ. 2018ರಲ್ಲಿ ಸೀಬೋರ್ನ್ ಮತ್ತು ಶಾರ್ಪ್ಲ್ಸ್ ಗಂಡಸರಿಗೆ 7 ವಾರ ಕಸರತ್ತು, 7 ವಾರ ಬಿಡುವು, ಮತ್ತೆ 7 ವಾರ ಕಸರತ್ತು ಮಾಡಿಸಿ ತೊಡೆಯ ಸ್ನಾಯು ತೆಗೆದು ನೋಡಿದರು. ಜೀನ್‌ಗಳು ಇರುವ ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಸಾಮಾನ್ಯವಾಗಿ ಅವು ಕಮ್ಮಿಯಾದಲ್ಲಿ ಜೀನ್ ಏಳುವುದು ಸುಲಭ. ಮೊದಲ ಕಸರತ್ತಿನಲ್ಲಿ ಕೆಲವು ಜೀನ್‌ಗಳ ಮೇಲಿನ ಗುರುತು ಅಳಿಸಿತು, ಬಿಡುವಿನಲ್ಲಿ ಸ್ನಾಯು ಇಳಿದರೂ ಅವು ಅಳಿಸಿದ ಹಾಗೇ ಉಳಿದವು. ಎರಡನೇ ಸಲ ಬೆಳವಣಿಗೆ ಮೊದಲಿಗಿಂತ ಹೆಚ್ಚು. ಡಿಎನ್‌ಎಯ ಅಕ್ಷರ ಒಂದೂ ಬದಲಾಗಿಲ್ಲ, ಗುರುತು ಬದಲಾಗಿದೆ. ಜಮಖಂಡಿ ತಮ್ಮನ ತೊಡೆ ಲಗೂನ ತುಂಬಿದ್ದಕ್ಕೆ ನನಗೆ ಇದೇ ಹೆಚ್ಚು ಒಪ್ಪುವ ಕಾರಣ.

ಸಂಶಯಾತ್ಮ

ಇದು ಮನುಷ್ಯರ ಮ್ಯಾಲ ಮಾಡಿದ್ದು, ಇದನ್ನ ಒಪ್ಪತೀನಿ. ಮಂದಿ ಕಮ್ಮಿ ಅನ್ನೋದೊಂದೇ ಕೊರತಿ.

ಹಳೇ_ವಸ್ತಾದ

ಒಂದು ನೋವಿನ ಮಾತು ಹೇಳತೀನಿ. ಜಾತ್ರಿ ಕಣದಾಗ ಗುಂಡು ಎತ್ತಾಕ ಬರೋ ಕೆಲವು ಹುಡುಗ್ರು ಈಗ ಮೈ ಉಬ್ಬಿಸೋ ಔಷಧದ ಸೂಜಿ ಚುಚ್ಚಿಕೊಂಡು ಬರತಾರ. "ವಸ್ತಾದ, ಈಗ ಬಿಟ್ಟೀನಿ, ಜಾತ್ರಿಗೆ ಸ್ವಚ್ಛ ಇರತೀನಿ" ಅಂತಾರ. ಬಿಟ್ಟರ ಮುಗೀತೇನ್ರಿ?

ಬೆಂಗಳೂರಾಗಿನ_ವಿಜಾಪುರದಾವ

ಮುಗಿಯಲ್ಲ ಅಂತಲೇ ಇಲಿಗಳು ಹೇಳುತ್ತವೆ. 2013ರಲ್ಲಿ ಅದೇ ನಾರ್ವೆ ತಂಡ ಇಲಿಗಳಿಗೆ ಸ್ವಲ್ಪ ದಿನ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನ್ ಕೊಟ್ಟು ನಿಲ್ಲಿಸಿತು. ಗಾತ್ರ ಇಳಿದು ಮೊದಲಿನಂತಾಯಿತು, ಕೋಶಕೇಂದ್ರಗಳು ಉಳಿದವು. ಮೂರು ತಿಂಗಳ ಮೇಲೆ 6 ದಿನ ಭಾರ ಹಾಕಿದರೆ ಅವುಗಳ ಸ್ನಾಯು ಶೇ 30ರ ಆಸುಪಾಸು ಬೆಳೆಯಿತು. ಔಷಧ ಕಾಣದ ಇಲಿಗಳದು ಅಷ್ಟೇನೂ ಬೆಳೆಯಲಿಲ್ಲ. ಬಿಟ್ಟು ಬಂದವನ ಮೂತ್ರ ಸ್ವಚ್ಛ ಇರಬಹುದು, ಲಾಭ ಒಳಗೇ ಇರುತ್ತೆ.

ಫಿಸಿಯೋ_ಶಹಾಪುರ (ಬೆಳಗಾವಿ)

ಮತ್ತು ಲಾಭದ ಜೊತೆ ಹಾನಿ. ಹೃದಯದ ಗೋಡೆ ದಪ್ಪ ಆಗೋದು, ರಕ್ತದ ಕೊಬ್ಬು ಕೆಡೋದು, ವೀರ್ಯ ಕಮ್ಮಿ ಆಗೋದು. ಮದುವೆಯಾಗಿ ಮಕ್ಕಳಿಲ್ಲ ಅಂತ ಡಾಕ್ಟರ ಹತ್ತಿರ ಹೋದ ಮೇಲೆ ಸೂಜಿ ವಿಷಯ ಹೊರಬಂದದ್ದನ್ನು ನಾನೇ ನೋಡಿದ್ದೇನೆ. ಜಾತ್ರೆಯ ಬೆಳ್ಳಿ ಕಡಗಕ್ಕೆ ಇಷ್ಟು ಬೆಲೆ ಕೊಡಬೇಡಿ ತಮ್ಮಂದಿರೇ.

ಶೇಂಗಾಹಿಂಡಿ

ಪುಡಿ ಡಬ್ಬಿನೂ ಬ್ಯಾಡ ಅಂತೀನಿ. 100 ಗ್ರಾಂ ಶೇಂಗಾದಾಗ 25 ಗ್ರಾಂ ಪ್ರೋಟೀನ್ ಐತಿ. ತೊಗರಿಬ್ಯಾಳ್ಯಾಗ 22ರ ಆಸುಪಾಸು. ಒಂದು ತತ್ತ್ಯಾಗ 6. ಜ್ವಾಳದಾಗ 10.

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಜೋಳದಲ್ಲಿ ಇನ್ನೊಂದು ವಿಶೇಷ ಇದೆ. ಪ್ರೋಟೀನು ಅಮೈನೋ ಆಮ್ಲ ಎಂಬ ಸಣ್ಣ ತುಣುಕುಗಳಿಂದ ಆದದ್ದು; ಎಮ್‌ಟಾರನ್ನು ಎಬ್ಬಿಸುವ ಅಮೈನೋ ಆಮ್ಲ ಲ್ಯೂಸಿನ್. ಜೋಳದ ಪ್ರೋಟೀನಿನಲ್ಲಿ ಅದು ಧಾರಾಳ. ಕೊರತೆ ಇರುವುದು ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲದಲ್ಲಿ. ಆ ಲೈಸಿನ್ ಬೇಳೆಯಲ್ಲಿ ಇದೆ. ರೊಟ್ಟಿ, ಬೇಳೆ, ಮೊಸರು ಒಟ್ಟಿಗೆ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಆದರೆ ಬರೀ ರೊಟ್ಟಿ-ಖಾರದಲ್ಲಿ ಮೈ ಕಟ್ಟುವುದು ಕಷ್ಟ. ಎಪಿಎಂಸಿ ತಮ್ಮ, ಅಪ್ಪನ ತಾಟಿನಲ್ಲಿ ಬೇಳೆ ಗಟ್ಟಿ ಇರಲಿ, ರಾತ್ರಿ ಹಾಲು ಇರಲಿ. ಪುಡಿ ಬೇಕಾಗಿಲ್ಲ.

ಎಪಿಎಂಸಿ_ಹುಡುಗ (ಬಾಗಲಕೋಟೆ)

ಅವ್ವಗ ಓದಿ ಹೇಳಿದ್ನಿರಿ ಅಕ್ಕಾರ. ಇವತ್ತಿಂದ ಬ್ಯಾಳಿ ಗಟ್ಟಿ. ಇನ್ನೊಂದು ಕೇಳತೀನಿ. ನಮ್ಮ ಆಯಿಗೆ 80ರ ಮ್ಯಾಲ. ಬಿದ್ದು ಹಾಸಗಿ ಹಿಡಿದಿದ್ಲು, ಈಗ ಏಳಾಕತ್ಯಾಳ, ಆದ್ರ ಹೊರಸಿನಿಂದ ಏಳಬೇಕಂದ್ರ ಎರಡೂ ಕೈ ಊರಬೇಕು. ಈ ವಯಸ್ಸಿನ್ಯಾಗ ಜೀನ್ ಏಳತಾವೇನ್ರಿ?

ಫಿಸಿಯೋ_ಶಹಾಪುರ (ಬೆಳಗಾವಿ)

ಏಳುತ್ತವೆ. ಹುಡುಗರಲ್ಲಿ ಎದ್ದಷ್ಟು ಇಲ್ಲ, ಆದರೆ ಏಳುತ್ತವೆ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮದಲ್ಲಿ ಡಾ. ಮಾರಿಯಾ ಫಿಯಾಟರೋನ್ ಸರಾಸರಿ 90 ವಯಸ್ಸಿನ ಹತ್ತು ಮಂದಿಗೆ 8 ವಾರ ಕಾಲಿನಿಂದ ಭಾರ ಎತ್ತಿಸಿದರು. ಶಕ್ತಿ ಸರಾಸರಿ ಶೇ 174 ಏರಿತು, ತೊಡೆಯ ಸ್ನಾಯು ಶೇ 9 ಬೆಳೆಯಿತು.

ಆಯಿಗೆ ಹೀಗೆ ಮಾಡಿಸಿ. ಹೊರಸು ತಗ್ಗಾಗಿರುತ್ತೆ, ಅದು ಬೇಡ. ಕೈಯಿರುವ ಗಟ್ಟಿ ಖುರ್ಚಿ, ಗೋಡೆಗೆ ಒತ್ತಿ ಇಡಿ, ಮೇಲೆ ಮಡಿಸಿದ ಕೌದಿ ಹಾಕಿ ಎತ್ತರ ಮಾಡಿ. ಎದುರಿಗೆ ನೀವು ನಿಲ್ಲಬೇಕು. ಪಾದ ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ ಏಳಲಿ. ಕೂರುವಾಗ ದೊಪ್ಪನೆ ಕೂರದೆ ನಿಧಾನ ಇಳಿಯಲಿ. ಇಳಿಯುವಾಗ ಸ್ನಾಯುವಿನ ಮೇಲೆ ಒಳ್ಳೆ ಎಳೆತ ಬೀಳುತ್ತೆ. ಸುಲಭವಾದ ಮೇಲೆ ಕೌದಿ ಒಂದೊಂದೇ ಮಡಿಕೆ ಕಮ್ಮಿ ಮಾಡಿ. ಬಿದ್ದಾಗ ಎಲುಬು ಮುರಿದಿದ್ದರೆ ಮೊದಲು ನೋಡಿದ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಎಪಿಎಂಸಿ_ಹುಡುಗ (ಬಾಗಲಕೋಟೆ)

ಮುರಿದಿಲ್ರಿ, ಬರೇ ಹೊಡತ. ಶುಗರ್ ಐತಿ, ಗುಳಿಗಿ ತಗೋತಾಳ. ನಡೀತೈತ್ರಿ?

ಫಿಸಿಯಾಲಜಿ_ಅಕ್ಕ (ಬೆಳಗಾವಿ)

ಶುಗರ್ ಇದ್ದವರಿಗೆ ಇನ್ನೂ ಒಳ್ಳೆಯದು. ಸ್ನಾಯು ಬಿಗಿದಾಗ ಗ್ಲುಟ್-4 ಎಂಬ ಪ್ರೋಟೀನು ಕೋಶದ ಒಳಗಿನಿಂದ ಹೊರಪೊರೆಗೆ ಬಂದು ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತೆ, ಇನ್ಸುಲಿನ್ ಸಂಕೇತ ಇಲ್ಲದೆಯೂ. ರೂಢಿಯಾದರೆ ಆ ಗ್ಲುಟ್-4 ಜೀನಿನ ಕೆಲಸವೇ ಹೆಚ್ಚುತ್ತೆ. ಆದರೆ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಡಿ. ಕೆಲವು ಗುಳಿಗೆಗಳ ಜೊತೆ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಅಂದರೆ ತಕ್ಷಣ ನಿಲ್ಲಿಸಿ ಮೂರ್ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು ಕೊಡಿ. ಗುಳಿಗೆ ಹೆಸರು ಯಾವುದು?

ಎಪಿಎಂಸಿ_ಹುಡುಗ (ಬಾಗಲಕೋಟೆ)

ಚೀಟಿ ಅಪ್ಪನ ಕಡೆ ಐತ್ರಿ, ಸಂಜಿಗೆ ಬಂದ ಮ್ಯಾಲ ನೋಡಿ ಹಾಕತೀನಿ.